ದೋಣಿ ಜೋರಾಗಿ ಓಡಬೇಕಾ? ಮೊದಲು ಪ್ರೊಪೆಲ್ಲರ್, ಆಮೇಲೆ ಎಂಜಿನ್ ಎತ್ತರ

ಇವತ್ತಿನ ಮಾತು ಸ್ವಲ್ಪ ಬೇರೆ ತರಹ. ಕೋಡ್ ಇಲ್ಲ, ಕ್ಲೌಡ್ ಇಲ್ಲ, ವೀಸಾ ಇಲ್ಲ. ಇವತ್ತು ದೋಣಿ. ವಿಡಿಯೋದಲ್ಲಿ ಗಾಳಿ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ ಅಂತ ನನಗೇ ಅನ್ನಿಸಿತು, ಹಾಗಾಗಿ ಲೆಕ್ಕಗಳನ್ನೆಲ್ಲ ಇಲ್ಲಿ ಬಿಡಿಸಿ ಬರೆದಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ನೀರಿನವನಲ್ಲ. ದಾವಣಗೆರೆ ಕಡೆಯವನು, ನನಗೆ ದೋಣಿ ಅಂದ್ರೆ ಹರಿಗೋಲು, ತೆಪ್ಪ, ಅಷ್ಟೇ. ಎಂಟೆಕ್ ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರ್. ಕೆಲಸ ಇರೋದು ನಾಸಿಕ್‌ನಲ್ಲಿ. ನನ್ನ ಜೊತೆ ಓದಿದ ಕುಂದಾಪುರದ ಗೆಳೆಯ ಒಬ್ಬ ಛತ್ರಪತಿ ಸಂಭಾಜಿನಗರದಲ್ಲಿ ಇದ್ದಾನೆ, ಅದೇ ನಮ್ಮ ಹಳೇ ಔರಂಗಾಬಾದ್. ಎರಡು ಊರಿಗೂ ನಡುವೆ ಮೂರೂವರೆ, ನಾಲ್ಕು ಗಂಟೆ ದಾರಿ. ತಿಂಗಳಿಗೊಮ್ಮೆ ಅವನು ಇಲ್ಲಿಗೆ ಬರ್ತಾನೆ, ಇಲ್ಲ ನಾನು ಅಲ್ಲಿಗೆ ಹೋಗ್ತೀನಿ. ಗೋದಾವರಿ ಮಾತ್ರ ಇಬ್ಬರಿಗೂ ಒಂದೇ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿ, ಗಂಗಾಪುರ ಅಣೆಕಟ್ಟಿನಲ್ಲಿ ನಿಂತು, ನಾಸಿಕ್ ದಾಟಿ, ಮುಂದೆ ಪೈಠಣದ ಜಾಯಕವಾಡಿಯಲ್ಲಿ ಸಮುದ್ರದ ಹಾಗೆ ಹರಡಿಕೊಳ್ಳುತ್ತೆ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿ ಅಂತ ಹೇಳೋದು ಇದೇ ಗೋದಾವರಿಯನ್ನ. ಹಾಗಾಗಿ ನಾವು ಊರು ಬಿಟ್ಟು ತುಂಬಾ ದೂರ ಏನೂ ಬಂದಿಲ್ಲ ಅಂತ ಅವನು ಪ್ರತಿ ಸಲ ಹೇಳ್ತಾನೆ.

ಕಥೆ ಶುರುವಾಗಿದ್ದು ಹೇಗೆ

ನಾಸಿಕ್ ಹತ್ತಿರದ ಒಂದು ಹಿನ್ನೀರಿನಲ್ಲಿ ಪರವಾನಗಿ ತೆಗೆದುಕೊಂಡು ದೋಣಿ ನಡೆಸುವ ಒಬ್ಬ ಹಿರಿಯರಿದ್ದಾರೆ. ನಾವು ಕಾಕಾ ಅಂತೀವಿ, ಅವರು ನನ್ನನ್ನ ಎಷ್ಟು ಬೇಡ ಅಂದ್ರೂ ಸಾಹೇಬ್ ಅಂತಾರೆ. ಅವರ ಹತ್ತಿರ 16 ಅಡಿಯ ಫೈಬರ್ ದೋಣಿ, ಹಿಂದೆ 60 ಹೆಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಎರಡನ್ನೂ ಕೊಂಕಣ ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಕಳೆದ ಜೂನ್‌ನಲ್ಲಿ, ಮಳೆಗೆ ಮುಂಚಿನ ಗಾಳಿ ಎದ್ದ ಒಂದು ಸಂಜೆ, ಐದು ಜನ ಪ್ರವಾಸಿಗರನ್ನ ಕೂರಿಸಿಕೊಂಡು ಕಾಕಾ ವಾಪಸ್ ಬರ್ತಾ ಇದ್ದರು. ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಥರ್ಮಾಕೋಲ್ ತೆಪ್ಪದ ಮೇಲೆ ಬಲೆ ಹಾಕ್ತಾ ಇದ್ದ ಇಬ್ಬರು ಮೀನುಗಾರರು ಮಗುಚಿಕೊಂಡರು. ಕಾಕಾ ದೋಣಿ ತಿರುಗಿಸಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರು. ಎಂಜಿನ್ ಕೂಗ್ತು, ದೋಣಿಯ ಮೂಗು ಮೇಲಕ್ಕೆ ಎದ್ದಿತು, ಹಿಂಭಾಗ ನೀರಿಗೆ ಇಳಿಯಿತು. ಆದರೆ ದೋಣಿ ಓಡಲಿಲ್ಲ. ಗದ್ದೆಯಲ್ಲಿ ನೇಗಿಲು ಎಳೆದ ಹಾಗೆ ಗಂಟೆಗೆ 13 ಕಿ.ಮೀ. ವೇಗದಲ್ಲಿ ನೀರನ್ನ ಉಳುತ್ತಾ ಹೋಯಿತು. ಲೆಕ್ಕ ಹಾಕಿ, ಒಂದೂವರೆ ಕಿಲೋಮೀಟರ್‌ಗೆ ಹತ್ತಿರ ಹತ್ತಿರ ಏಳು ನಿಮಿಷ. ಇಬ್ಬರೂ ಥರ್ಮಾಕೋಲ್ ತುಂಡು ಹಿಡಿದುಕೊಂಡು ಉಳಿದುಕೊಂಡರು, ದೇವರ ದಯೆ. ಆದರೆ ಕಾಕಾ ಆಮೇಲೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಅದೇ ದೋಣಿ ಅವರೊಬ್ಬರೇ ಕೂತರೆ ಗಂಟೆಗೆ 44 ಕಿ.ಮೀ. ಓಡುತ್ತೆ. ಹಾಗಾದ್ರೆ ಅವತ್ತು ಯಾಕೆ ಓಡಲಿಲ್ಲ? ಅವರಿಗೆ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು, ದೊಡ್ಡ ಎಂಜಿನ್ ಹಾಕಿಸಿ. ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಅವಾಗ ನನ್ನನ್ನ ಕೇಳಿದರು, ಸಾಹೇಬ್, ನೀವು ಇಂಜಿನಿಯರ್ ಅಲ್ವಾ, ನೋಡಿ.

ಬಾಸ್ ಬೋಟ್‌ನವರು ಏನು ಮಾಡ್ತಾರೆ

ಈ ವಿಷಯದಲ್ಲಿ ತಲೆ ಕೆಡಿಸಿಕೊಂಡವರು ಅಂದ್ರೆ ಅಮೆರಿಕದ ಬಾಸ್ ಬೋಟ್ ಜನ. ನಿಮ್ಮಲ್ಲಿ ಟೆಕ್ಸಾಸ್, ಅಲಬಾಮಾ ಕಡೆ ಇರೋರು ನೋಡಿರ್ತೀರಿ. ತೆಳ್ಳಗೆ ತಗ್ಗಾಗಿರುವ, ಮಿಂಚುವ ಬಣ್ಣದ 20 ಅಡಿ ದೋಣಿ, ಹಿಂದೆ 250 ಹೆಚ್‌ಪಿ ಎಂಜಿನ್. ಬಾಸ್ ಅನ್ನೋದು ಅಲ್ಲಿನ ಕೆರೆಗಳ ಒಂದು ಮೀನು. 1967ರಲ್ಲಿ ರೇ ಸ್ಕಾಟ್ ಅನ್ನುವವರು ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ದೊಡ್ಡ ಬಾಸ್ ಪಂದ್ಯ ನಡೆಸಿದರು. ಅಲ್ಲಿಂದ ಆ ಪಂದ್ಯಗಳು ದೊಡ್ಡ ವ್ಯಾಪಾರವೇ ಆದವು. ಬೆಳಿಗ್ಗೆ ಎಲ್ಲರೂ ಒಂದೇ ಕಡೆಯಿಂದ ಹೊರಡಬೇಕು, ಹೇಳಿದ ಹೊತ್ತಿಗೆ ಮೀನು ತೂಕಕ್ಕೆ ತರಬೇಕು. ಹೋಗಿ ಬರುವ ಹೊತ್ತು ಉಳಿದಷ್ಟು ಗಾಳ ಹಾಕೋಕೆ ಹೊತ್ತು ಸಿಗುತ್ತೆ. ಹಾಗಾಗಿ ವೇಗ.

ಅವರು ಎಂಜಿನ್ ಬದಲಿಸದೆ ವೇಗ ಪಡೆಯೋಕೆ ಮುಟ್ಟುವುದು ಎರಡನ್ನ. ಒಂದು ಪ್ರೊಪೆಲ್ಲರ್, ಇನ್ನೊಂದು ಎಂಜಿನ್ ಕೂರುವ ಎತ್ತರ. ಕಾಕಾನ ದೋಣಿ ಬಾಸ್ ಬೋಟ್ ಅಲ್ಲ. ಆದರೆ ಭೌತಶಾಸ್ತ್ರ ಎರಡಕ್ಕೂ ಒಂದೇ.

ಪಿಚ್ ಅಂದ್ರೆ ಏನು

ಪ್ರೊಪೆಲ್ಲರ್ ಮೇಲೆ ಎರಡು ಅಂಕಿ ಕೆತ್ತಿರುತ್ತೆ. ಮೊದಲನೇದು ವ್ಯಾಸ, ಎರಡನೇದು ಪಿಚ್, ಎರಡೂ ಇಂಚಿನಲ್ಲಿ. ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಅದು ಇಷ್ಟು ಒಳಗೆ ಹೋಗುತ್ತೆ ಅಂತ ಇರುತ್ತಲ್ಲ, ಅದೇ ಪಿಚ್. 15 ಪಿಚ್ ಅಂದ್ರೆ ಒಂದು ಸುತ್ತಿಗೆ 15 ಇಂಚು ಮುಂದೆ ಹೋಗಬೇಕು. ಆದರೆ ನೀರು ಮರ ಅಲ್ಲ, ಜಾರುತ್ತೆ. ಹಾಗಾಗಿ ಅಷ್ಟು ಹೋಗಲ್ಲ. ಆ ಕೊರತೆಗೆ ಸ್ಲಿಪ್ ಅಂತಾರೆ.

ಗೇರ್ ಸೈಕಲ್ ಓಡಿಸಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ದೊಡ್ಡ ಪಿಚ್ ಅಂದ್ರೆ ಟಾಪ್ ಗೇರ್. ಇಳಿಜಾರಿನಲ್ಲಿ ಹಾರಿಕೊಂಡು ಹೋಗುತ್ತೆ, ಏರಿನಲ್ಲಿ ಪೆಡಲ್ ತುಳಿಯೋಕೇ ಆಗಲ್ಲ. ಸಣ್ಣ ಪಿಚ್ ಅಂದ್ರೆ ಲೋ ಗೇರ್. ವ್ಯತ್ಯಾಸ ಏನಂದ್ರೆ ದೋಣಿಗೆ ಗೇರ್ ಬದಲಿಸೋ ಅವಕಾಶ ಇಲ್ಲ, ಒಂದೇ ಗೇರ್‌ನಲ್ಲಿ ಎಲ್ಲ ಆಗಬೇಕು. ಆ ಒಂದು ಗೇರ್ ಯಾವುದು ಅನ್ನೋದೇ ಪ್ರೊಪೆಲ್ಲರ್ ಆಯ್ಕೆ.

ದೋಣಿಗೆ ಏರು ಎಲ್ಲಿಂದ ಬಂತು ಅಂತೀರಾ? ಅದು ಪ್ಲೇನ್ ಆಗೋ ಹೊತ್ತು. ಚಪ್ಪಟೆ ಕಲ್ಲನ್ನ ಕೆರೆ ಮೇಲೆ ಜಾರಿಸಿ ಎಸೆದರೆ ಅದು ಮುಳುಗದೆ ಕುಪ್ಪಳಿಸಿಕೊಂಡು ಹೋಗುತ್ತಲ್ಲ, ವೇಗದ ದೋಣಿ ಓಡೋದು ಹಾಗೇ. ನಿಧಾನ ಇರುವಾಗ ಅದು ನೀರನ್ನ ತಳ್ಳಿಕೊಂಡು ಹೋಗುತ್ತೆ. ವೇಗ ಹೆಚ್ಚಾದಾಗ ತಾನೇ ಎಬ್ಬಿಸಿದ ಅಲೆಯನ್ನ ಹತ್ತಿ, ನೀರಿನ ಮೇಲೆ ಜಾರೋಕೆ ಶುರು ಮಾಡುತ್ತೆ. ಆ ಅಲೆಯೇ ಏರು. ಹತ್ತೋಕೆ ಆಗದಿದ್ದರೆ ಮೂಗು ಎತ್ತಿಕೊಂಡು ಅಲ್ಲೇ ಒದ್ದಾಡುತ್ತೆ. ಜೂನ್ ಸಂಜೆ ಆಗಿದ್ದು ಅದೇ.

ಲೆಕ್ಕ ಇಲ್ಲಿದೆ

ನಿಮ್ಮ ಸ್ಪ್ರೆಡ್‌ಶೀಟ್ ತೆಗೆಯಿರಿ. ಸೂತ್ರ ಇಷ್ಟೇ:

ಲೆಕ್ಕದ ವೇಗ (ಗಂಟೆಗೆ ಕಿ.ಮೀ.) = ಆರ್‌ಪಿಎಂ × ಪಿಚ್ × 0.001524 ÷ ಗೇರ್ ಅನುಪಾತ

0.001524 ಅನ್ನೋದು ಮಂತ್ರ ಏನಲ್ಲ. ಒಂದು ಇಂಚಿಗೆ 0.0254 ಮೀಟರ್, ಗಂಟೆಗೆ 60 ನಿಮಿಷ, ಕಿಲೋಮೀಟರ್‌ಗೆ 1000 ಮೀಟರ್, ಅಷ್ಟೇ. ಗೇರ್ ಅನುಪಾತ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಕಾಕಾನ ಎಂಜಿನ್‌ನದು 2.33. ಅಂದ್ರೆ ಎಂಜಿನ್ 2.33 ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಮುಖ್ಯ ಅಂಕಿ ಇದೆ: ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ 5000ದಿಂದ 6000 ಆರ್‌ಪಿಎಂ ಒಳಗೆ ಇರಬೇಕು.

ಈ ಎರಡನೇ ಅಂಕಿಯನ್ನ ಯಾರೂ ನೋಡಲ್ಲ. ಪೂರ್ತಿ ಕೊಟ್ಟರೂ 5000 ಮುಟ್ಟದಿದ್ದರೆ ಎಂಜಿನ್ ಏದುಸಿರು ಬಿಡ್ತಾ ಇದೆ ಅಂತ ಅರ್ಥ. ಟಾಪ್ ಗೇರ್‌ನಲ್ಲಿ ಬೈಕ್‌ನ ಘಾಟಿ ಹತ್ತಿಸಿದ ಹಾಗೆ. ಬಿಸಿ ಹೆಚ್ಚುತ್ತೆ, ಮಸಿ ಕಟ್ಟುತ್ತೆ, ದಿನಾ ಹೀಗೇ ಓಡಿಸಿದರೆ ಪಿಸ್ಟನ್‌ಗೇ ಪೆಟ್ಟು. 6000 ದಾಟಿದರೆ ಪಿಚ್ ತೀರಾ ಕಡಿಮೆ ಅಂತ ಅರ್ಥ, ಅದೂ ಎಂಜಿನ್‌ಗೆ ಕೆಟ್ಟದ್ದು.

ಒಂದು ಭಾನುವಾರ ಬೆಳಿಗ್ಗೆ, ಗಾಳಿ ಇಲ್ಲದ ಹೊತ್ತಲ್ಲಿ, ನಾವು ಅಳತೆ ತಗೊಂಡೆವು. ಖಾಲಿ ಅಂದ್ರೆ ಕಾಕಾ ಮತ್ತು ನಾನು. ಲೋಡ್ ಅಂದ್ರೆ ನಮ್ಮಿಬ್ಬರ ಜೊತೆ ಮರಳು ಚೀಲ, ಐದು ಪ್ರವಾಸಿಗರ ತೂಕದಷ್ಟು. ಪ್ರೊಪೆಲ್ಲರ್ ಮೇಲೆ ಇದ್ದದ್ದು 15 ಪಿಚ್.

ಖಾಲಿ: 5100 ಆರ್‌ಪಿಎಂ. ಲೆಕ್ಕದ ವೇಗ 50, ಜಿಪಿಎಸ್ ತೋರಿಸಿದ್ದು 44. ಸ್ಲಿಪ್ ಶೇಕಡಾ 12.

ಲೋಡ್: 4700 ಆರ್‌ಪಿಎಂ. ಲೆಕ್ಕದ ವೇಗ 46.1, ಜಿಪಿಎಸ್ 36. ಸ್ಲಿಪ್ ಶೇಕಡಾ 22. ಪ್ಲೇನ್ ಆಗೋಕೆ 14 ಸೆಕೆಂಡ್, ಅದೂ ನಿಂತ ನೀರಲ್ಲಿ.

ನೋಡಿ, ಉತ್ತರ ಇಲ್ಲೇ ಇದೆ. ಖಾಲಿ ಇದ್ದಾಗ ಎಂಜಿನ್ ಹೇಗೋ 5000 ದಾಟುತ್ತೆ, ಹಾಗಾಗಿ ಎಲ್ಲ ಸರಿ ಇದೆ ಅನ್ನಿಸುತ್ತೆ. ಲೋಡ್ ಬಿದ್ದ ತಕ್ಷಣ 4700ಕ್ಕೆ ಕುಸಿಯುತ್ತೆ. ಅದರ ಮೇಲೆ ಎದುರು ಗಾಳಿ, ಅಲೆ ಬೇರೆ ಇದ್ದರೆ ಆ ಏರನ್ನ ಹತ್ತೋದೇ ಇಲ್ಲ.

ಘಟ್ಟ ಹತ್ತಿದ ಎಂಜಿನ್

ಹಾಗಾದ್ರೆ ಹಿಂದಿನ ಮಾಲೀಕ ತಪ್ಪು ಪ್ರೊಪೆಲ್ಲರ್ ಹಾಕಿದ್ದನಾ? ಇಲ್ಲ. ಅವನ ಜಾಗಕ್ಕೆ ಅದು ಸರಿ ಇತ್ತು. ಆ ದೋಣಿ ಓಡ್ತಾ ಇದ್ದದ್ದು ಸಮುದ್ರದಲ್ಲಿ. ನಾಸಿಕ್ ಇರೋದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ ಅನ್ನೋದು ಒರಟು ಲೆಕ್ಕ. ಅಂದ್ರೆ ನಮ್ಮ 60 ಹೆಚ್‌ಪಿ ಇಲ್ಲಿ 56ರ ಆಸುಪಾಸು. ಇಂಜೆಕ್ಷನ್ ಎಂಜಿನ್ ಪೆಟ್ರೋಲ್ ಪ್ರಮಾಣವನ್ನ ತಾನೇ ಸರಿಮಾಡಿಕೊಳ್ಳುತ್ತೆ, ಆದರೆ ಇಲ್ಲದ ಆಮ್ಲಜನಕವನ್ನ ಎಲ್ಲಿಂದ ತರುತ್ತೆ? ಜೊತೆಗೆ ಸಿಹಿನೀರು ಉಪ್ಪುನೀರಿಗಿಂತ ಶೇಕಡಾ ಎರಡೂವರೆಯಷ್ಟು ಹಗುರ, ದೋಣಿ ಕೂದಲೆಳೆಯಷ್ಟು ಹೆಚ್ಚು ಮುಳುಗುತ್ತೆ.

ನಮ್ಮ ಕಡೆಗೂ ಇದೇ ಲೆಕ್ಕ. ಮಲ್ಪೆಯಲ್ಲಿ ಚೆನ್ನಾಗಿ ಓಡಿದ ಪ್ರೊಪೆಲ್ಲರನ್ನ ಹಾಗೇ ತಂದು ಮೈಸೂರು, ಬೆಂಗಳೂರು ಕಡೆಯ ಜಲಾಶಯಕ್ಕೆ ಹಾಕಿದರೆ ಕೆಲಸ ಮಾಡಲ್ಲ. ಡೆನ್ವರ್‌ನಲ್ಲಿ ಇರೋ ಕನ್ನಡಿಗರು ಫ್ಲೋರಿಡಾದಿಂದ ದೋಣಿ ತರಿಸಿದರೆ ಇನ್ನೂ ಮೋಸ ಹೋಗ್ತಾರೆ, ಆ ಊರು 1600 ಮೀಟರ್ ಎತ್ತರ.

ಗಂಗೊಳ್ಳಿಯಿಂದ ಬಂದ ಪ್ರಶ್ನೆ

ಪಿಚ್ ಒಂದು ಇಂಚು ಇಳಿಸಿದರೆ ಸಾಧಾರಣವಾಗಿ 150ರಿಂದ 200 ಆರ್‌ಪಿಎಂ ಏರುತ್ತೆ. ಎಷ್ಟು ಇಳಿಸೋದು ಅಂತ ನಾನು ಶೀಟ್‌ನಲ್ಲಿ ಕೂಡಿ ಕಳೆದು ಕೂತಿದ್ದಾಗ, ಗೆಳೆಯ ಗಂಗೊಳ್ಳಿಯಲ್ಲಿರುವ ತನ್ನ ಮಾವನಿಗೆ ಫೋನ್ ಹಚ್ಚಿದ. ಅವರು ಔಟ್‌ಬೋರ್ಡ್ ಹಾಕಿದ ನಾಡದೋಣಿಯಲ್ಲಿ ಎಷ್ಟೋ ವರ್ಷದಿಂದ ಮೀನು ಹಿಡಿಯುವವರು. ನಾನು ಎಲ್ಲ ಅಂಕಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮಗೆ ಬೇಕಾದ್ದು ಹೋಗುವಾಗಿನ ಸ್ಪೀಡೋ, ಬಲೆ ತುಂಬಿ ಬರುವಾಗಿನ ಸ್ಪೀಡೋ?

ನಾನು ಸುಮ್ಮನಾದೆ. ಅಷ್ಟು ದಿನ ನಾನು ನೋಡ್ತಾ ಇದ್ದದ್ದು ಟಾಪ್ ಸ್ಪೀಡ್. ಬಾಸ್ ಬೋಟ್ ವಿಡಿಯೋ ನೋಡಿ ನೋಡಿ 44ನ್ನ 48 ಮಾಡೋದು ಹೇಗೆ ಅಂತ ಯೋಚಿಸ್ತಾ ಇದ್ದೆ. ಅದಕ್ಕೆ ಪಿಚ್ ಹೆಚ್ಚಿಸಬೇಕೇನೋ ಅಂತಲೂ ಒಮ್ಮೆ ಅಂದುಕೊಂಡಿದ್ದೆ! ಕಾಕಾಗೆ ಬೇಕಾಗಿದ್ದು 48 ಅಲ್ಲ. ದೋಣಿ ತುಂಬಿದ್ದಾಗ, ಗಾಳಿ ಎದುರಿದ್ದಾಗ, ಆ ಏಳು ನಿಮಿಷ ಕಡಿಮೆ ಆಗಬೇಕಿತ್ತು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಖಾಲಿ ಸರ್ವರ್‌ನಲ್ಲಿ ಎಷ್ಟು ವೇಗ ಅನ್ನೋದನ್ನ ಯಾರು ಕೇಳ್ತಾರೆ. ಹಬ್ಬದ ಸೇಲ್ ದಿನ ಏನಾಗುತ್ತೆ ಅನ್ನೋದೇ ಪ್ರಶ್ನೆ.

ಹಾಗಾಗಿ ನಿಯಮ ಇದು: ನೀವು ಸಾಮಾನ್ಯವಾಗಿ ಹೊರುವ ಲೋಡ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ, ಆರ್‌ಪಿಎಂ ಕೊಟ್ಟಿರುವ ಮಿತಿಯ ಒಳಗೆ ಚೆನ್ನಾಗಿ ಇರಬೇಕು. ಖಾಲಿ ಇದ್ದಾಗಲೂ ಮೇಲಿನ ಮಿತಿ ದಾಟಬಾರದು. ಈ ಎರಡೂ ಆಗುವ ಪಿಚ್ ನಿಮ್ಮ ಪಿಚ್.

ಅದೇ ಎಂಜಿನ್‌ಗೆ ಕೂರುವ ಹಳೇ 13 ಪಿಚ್ ಅಲ್ಯೂಮಿನಿಯಂ ಪ್ರೊಪೆಲ್ಲರ್ ಮಾವನ ಮನೆಯಲ್ಲೇ ಇತ್ತು, ಬಸ್ಸಿಗೆ ಹಾಕಿ ಕಳಿಸಿದರು. ಅದನ್ನ ಹಾಕಿ, ಅದೇ ಲೋಡ್‌ನಲ್ಲಿ ಓಡಿಸಿದೆವು: 5150 ಆರ್‌ಪಿಎಂ, ಲೆಕ್ಕದ ವೇಗ 43.8, ಜಿಪಿಎಸ್ 37. ಸ್ಲಿಪ್ 22ರಿಂದ 15.5ಕ್ಕೆ ಇಳಿಯಿತು. ಪ್ಲೇನ್ ಆಗೋಕೆ 8 ಸೆಕೆಂಡ್. ಪಿಚ್ ಕಡಿಮೆ ಮಾಡಿದರೂ ವೇಗ ಒಂದು ಕಿಲೋಮೀಟರ್ ಹೆಚ್ಚೇ ಆಯಿತು. ಯಾಕಂದ್ರೆ ಎಂಜಿನ್ ಈಗ ಉಸಿರಾಡ್ತಾ ಇದೆ.

ಕಮ್ಮಿ ಮಾಡಿದರೆ ಹೆಚ್ಚಾಗೋ ಈ ವಿಚಿತ್ರ ಹೊಸದಲ್ಲ. ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಅಂತ ಇಂಗ್ಲೆಂಡಿನ ಒಬ್ಬ ರೈತ 1836ರಲ್ಲಿ ಸ್ಕ್ರೂ ಪ್ರೊಪೆಲ್ಲರ್‌ಗೆ ಪೇಟೆಂಟ್ ತಗೊಂಡ. ಅವನ ಮೊದಲ ಪ್ರೊಪೆಲ್ಲರ್ ಮರದ್ದು, ಎರಡು ಪೂರ್ತಿ ಸುತ್ತಿನ ಉದ್ದನೆಯ ಸ್ಕ್ರೂ. ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ಮಾಡುವಾಗ ಅದು ಅರ್ಧಕ್ಕೆ ಮುರಿದುಹೋಯಿತು. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ದೋಣಿ ಮೊದಲಿಗಿಂತ ಜೋರಾಗಿ ಓಡಿತು. ಉಳಿದ ಒಂದು ಸುತ್ತೇ ಸಾಕಾಗಿತ್ತು, ಇನ್ನೊಂದು ಸುತ್ತು ಸುಮ್ಮನೆ ನೀರಿಗೆ ಉಜ್ಜಿಕೊಂಡು ಶಕ್ತಿ ತಿಂತಾ ಇತ್ತು.

ಈಗ ಎಂಜಿನ್ ಎತ್ತರ

ನಾಸಿಕ್‌ನವರು ಗೋದಾವರಿ ಪ್ರವಾಹವನ್ನ ಮೀಟರ್‌ನಲ್ಲಿ ಹೇಳಲ್ಲ. ಪಂಚವಟಿ ಕಡೆ ನದಿ ದಂಡೆಯಲ್ಲಿ ದುತೋಂಡ್ಯಾ ಮಾರುತಿ ಅಂತ ಎರಡು ಮುಖದ ಹನುಮಂತನ ಮೂರ್ತಿ ಇದೆ. ನೀರು ಮಾರುತಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು, ಹೀಗೆ ಲೆಕ್ಕ. ಔಟ್‌ಬೋರ್ಡ್ ಎಂಜಿನ್‌ಗೂ ಅಂಥ ಒಂದು ಮಾರುತಿ ಇದೆ. ಪ್ರೊಪೆಲ್ಲರ್‌ನ ನೇರ ಮೇಲೆ ಅಡ್ಡಕ್ಕೆ ಚಾಚಿಕೊಂಡಿರುವ ಚಪ್ಪಟೆ ಹಲಗೆ. ಎಲ್ಲರೂ ಅದನ್ನ ಕ್ಯಾವಿಟೇಶನ್ ಪ್ಲೇಟ್ ಅಂತಾರೆ, ನಿಜವಾದ ಹೆಸರು ಆಂಟಿ ವೆಂಟಿಲೇಶನ್ ಪ್ಲೇಟ್.

ವ್ಯತ್ಯಾಸ ಗೊತ್ತಿರಲಿ. ವೆಂಟಿಲೇಶನ್ ಅಂದ್ರೆ ಮೇಲಿನ ಗಾಳಿ ಪ್ರೊಪೆಲ್ಲರ್‌ಗೆ ಎಳೆದುಕೊಂಡು ಬರೋದು. ಎಂಜಿನ್ ಒಮ್ಮೆಲೇ ಕಿರುಚುತ್ತೆ, ದೋಣಿ ಮುಂದೆ ಹೋಗಲ್ಲ. ಕ್ಯಾವಿಟೇಶನ್ ಅಂದ್ರೆ ಬ್ಲೇಡ್ ಮೇಲೆ ಒತ್ತಡ ಎಷ್ಟು ಕುಸಿಯುತ್ತೆ ಅಂದ್ರೆ ತಣ್ಣೀರೇ ಕುದಿದು ಗುಳ್ಳೆ ಆಗುತ್ತೆ, ಆ ಗುಳ್ಳೆ ಒಡೆದಾಗ ಲೋಹದಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತೆ. ಈ ಪ್ಲೇಟ್ ತಡೆಯೋದು ಮೊದಲನೇದನ್ನ.

ಎಂಜಿನ್ ಯಾಕೆ ಎತ್ತಬೇಕು? ನೀರಿನೊಳಗೆ ಇರುವ ಎಂಜಿನ್ ಕಾಲು ಒಂದು ಬ್ರೇಕ್ ಇದ್ದ ಹಾಗೆ. ವೇಗ ಎರಡು ಪಟ್ಟಾದರೆ ಅದರ ಎಳೆತ ಸುಮಾರು ನಾಲ್ಕು ಪಟ್ಟು. ಅದನ್ನ ಎಷ್ಟು ಮೇಲೆ ಎತ್ತಿದರೆ ಅಷ್ಟು ಬ್ರೇಕ್ ಕಮ್ಮಿ. ಆದರೆ ಜಾಸ್ತಿ ಎತ್ತಿದರೆ ಪ್ರೊಪೆಲ್ಲರ್‌ಗೆ ಗಾಳಿ ಸಿಗುತ್ತೆ. ಇನ್ನೂ ಅಪಾಯದ್ದು, ಎಂಜಿನ್ ತಣಿಸೋ ನೀರನ್ನ ಹೀರುವ ರಂಧ್ರಗಳು ಅದೇ ಕಾಲಿನಲ್ಲಿ ಇರ್ತವೆ. ಅವು ಗಾಳಿ ಹೀರಿದರೆ ಎಂಜಿನ್ ಸುಟ್ಟುಹೋಗುತ್ತೆ.

ಶುರು ಮಾಡೋದು ಹೀಗೆ. ದೋಣಿಯನ್ನ ಟ್ರೇಲರ್ ಮೇಲೆ ತಂದು, ಗಾರೆ ಕೆಲಸದವರ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನ ದೋಣಿ ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ ಹಿಡಿಯಿರಿ. ಪ್ಲೇಟ್ ಆ ಪಟ್ಟಿಯ ಮಟ್ಟಕ್ಕೆ ಬಂದರೆ ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಒಂದೊಂದೇ ರಂಧ್ರ. ಹೆಚ್ಚಿನ ಎಂಜಿನ್ ಬ್ರಾಕೆಟ್‌ಗಳಲ್ಲಿ ರಂಧ್ರಗಳ ನಡುವೆ ಮುಕ್ಕಾಲು ಇಂಚು, ಅಂದ್ರೆ 19 ಮಿಲಿಮೀಟರ್. ಎಂಜಿನ್ ಕಾಲಿನ ಉದ್ದವೂ ದೋಣಿಗೆ ಹೊಂದಬೇಕು, ಸಾಮಾನ್ಯವಾಗಿ 15, 20, 25 ಇಂಚಿನ ಮೂರು ಅಳತೆ. ಕಾಕಾನ ಎಂಜಿನ್‌ನ ಪ್ಲೇಟ್ ದೋಣಿ ತಳಕ್ಕಿಂತ ಅರ್ಧ ಇಂಚು ಕೆಳಗೇ ಇತ್ತು.

ನೂರು ಕಿಲೋ ದಾಟಿದ ಎಂಜಿನ್ ಇದು, ಕೈಯಲ್ಲಿ ಎತ್ತೋ ಹುಚ್ಚು ಬೇಡ. ಚೈನ್ ಪುಲ್ಲಿ ಹಾಕಿ, ಕೆಳಗೆ ಯಾರೂ ನಿಲ್ಲದೆ ಕೆಲಸ ಮಾಡಿ. ತೆಗೆದ ಪ್ರತಿ ಬೋಲ್ಟ್‌ಗೂ ನೀರು ಇಳಿಯದ ಹಾಗೆ ಸೀಲಂಟ್ ಹಚ್ಚಿ ಹಾಕಿ.

ಒಂದು ರಂಧ್ರ ಎತ್ತಿದೆವು. ಲೋಡ್‌ನಲ್ಲಿ 5350 ಆರ್‌ಪಿಎಂ, ಜಿಪಿಎಸ್ 39, ಸ್ಲಿಪ್ ಶೇಕಡಾ 14ರ ಹತ್ತಿರ. ಪ್ಲೇನ್ ಆಗೋ ಹೊತ್ತು ಅದೇ 8 ಸೆಕೆಂಡ್. ಪುಕ್ಕಟೆಯಾಗಿ ಎರಡು ಕಿಲೋಮೀಟರ್ ಸಿಕ್ಕಿತು!

ನಾನು ಮಾಡಿದ ತಪ್ಪು

ಆಸೆ ಯಾರಿಗಿಲ್ಲ. ಇನ್ನೊಂದು ರಂಧ್ರ ಎತ್ತೋಣ ಅಂದೆ. ಗೆಳೆಯ ಬೇಡ ಅಂದ. ಹ್ವಾಯ್, ಮೇಲ್ ಹೋದಷ್ಟ್ ಗಾಳಿ ತಿಂತ್ ಮರಾಯ, ಅಂತ ಅವನ ಭಾಷೆಯಲ್ಲೇ ಹೇಳಿದ. ನಾನು ಕೇಳಲಿಲ್ಲ. ನೇರ ಓಟದಲ್ಲಿ 5600 ಆರ್‌ಪಿಎಂ, ಜಿಪಿಎಸ್ 40. ನಾನು ಮೊಬೈಲ್ ಪರದೆ ನೋಡಿ ಹಿಗ್ಗುತ್ತಾ ಇದ್ದೆ. ಸ್ಲಿಪ್ 14ರಿಂದ ಮತ್ತೆ 16ಕ್ಕೆ ಏರಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಾಕಾ ನೋಡ್ತಾ ಇದ್ದದ್ದು ಪರದೆಯನ್ನಲ್ಲ, ಎಂಜಿನ್ ಹಿಂದೆ ಚಿಮ್ಮುವ ನೀರಿನ ದಾರವನ್ನ. ಪಂಪ್ ಕೆಲಸ ಮಾಡ್ತಾ ಇದೆ ಅಂತ ತೋರಿಸೋದು ಅದೇ. ಅದು ತೆಳ್ಳಗಾಗಿ, ಉಗುಳಿದ ಹಾಗೆ ತುಂಡು ತುಂಡಾಗಿ ಬರ್ತಾ ಇತ್ತು. ಅವರು ತಿರುಗಿಸೋಕೆ ಹೋದಾಗ ಪ್ರೊಪೆಲ್ಲರ್ ಗಾಳಿ ಹಿಡಿಯಿತು, ಎಂಜಿನ್ ಕಿರುಚಿತು, ಬಿಸಿಯ ಅಲಾರಂ ಶುರುವಾಯಿತು. ಕಾಕಾ ತಕ್ಷಣ ಆಫ್ ಮಾಡಿದರು. ಇನ್ನೂ ಒಂದು ನಿಮಿಷ ಓಡಿಸಿದ್ದರೆ ಅವರ ಸಂಸಾರದ ಅನ್ನಕ್ಕೆ ನಾನೇ ಕಲ್ಲು ಹಾಕ್ತಿದ್ದೆ. ಹುಟ್ಟು ಹಾಕಿಕೊಂಡು ದಡಕ್ಕೆ ಬರುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

ದಡ ಸೇರಿದ ಮೇಲೆ ಕಾಕಾ ಹೇಳಿದ್ದು ಇಷ್ಟೇ: ಸಾಹೇಬ್, ಮುಳುಗುತ್ತಾ ಇರೋನ ಹತ್ತಿರ ಹೋದಾಗ ದೋಣಿ ತಿರುಗಲೇಬೇಕು. ಒಂದು ಕಿಲೋಮೀಟರ್ ವೇಗಕ್ಕೋಸ್ಕರ ತಿರುವಿನಲ್ಲಿ ಕೈ ಕೊಡೋ ದೋಣಿ ಯಾರಿಗೆ ಬೇಕು. ವಾಪಸ್ ಒಂದು ರಂಧ್ರ ಇಳಿಸಿದೆವು. ಅಲ್ಲೇ ಬಿಟ್ಟೆವು.

ಬಾಸ್ ಬೋಟ್‌ನವರು ಪ್ಲೇಟನ್ನ ತಳಕ್ಕಿಂತ ತುಂಬಾ ಮೇಲೆ ಇಟ್ಟು ಓಡಿಸ್ತಾರಲ್ಲ ಅಂತ ಕೇಳಬಹುದು. ಅವರ ಎಂಜಿನ್ ದೋಣಿಗೆ ಅಂಟಿಕೊಂಡಿರಲ್ಲ, ಜ್ಯಾಕ್ ಪ್ಲೇಟ್ ಅನ್ನುವ ಚೌಕಟ್ಟಿನ ಮೇಲೆ ಎಷ್ಟೋ ಇಂಚು ಹಿಂದೆ ಇರುತ್ತೆ. ದೋಣಿ ತಳದಿಂದ ಹೊರಬಂದ ನೀರು ಹಿಂದೆ ಹೋದ ಹಾಗೆ ಮೇಲೇಳುತ್ತೆ. ಹಾಗಾಗಿ 8ರಿಂದ 10 ಇಂಚು ಹಿಂದೆ ಹೋದರೆ ಒಂದು ಇಂಚು ಎತ್ತಬಹುದು ಅನ್ನೋದು ಅವರ ಲೆಕ್ಕ. ಜೊತೆಗೆ ನೀರಿನ ಒತ್ತಡದ ಮೀಟರ್ ಕಣ್ಣೆದುರೇ ಇರುತ್ತೆ, ಹೈಡ್ರಾಲಿಕ್ ಇದ್ದರೆ ಓಡ್ತಾ ಇರುವಾಗಲೇ ಗುಂಡಿ ಒತ್ತಿ ಇಳಿಸ್ತಾರೆ. ನಮ್ಮ ಹತ್ತಿರ ಅದು ಯಾವುದೂ ಇಲ್ಲ. ಅವರ ಅಂಕಿಯನ್ನ ನಾನು ನಕಲು ಮಾಡಿದ್ದೇ ತಪ್ಪು.

ಬ್ಲೇಡ್ ಎಷ್ಟು, ಲೋಹ ಯಾವುದು

ಮೂರು ಬ್ಲೇಡ್ ಸಾಮಾನ್ಯ. ನಾಲ್ಕು ಬ್ಲೇಡ್ ಹಾಕಿದರೆ ನೀರನ್ನ ಚೆನ್ನಾಗಿ ಹಿಡಿಯುತ್ತೆ, ಬೇಗ ಪ್ಲೇನ್ ಆಗುತ್ತೆ, ತಿರುವಿನಲ್ಲಿ ಬಿಡಲ್ಲ, ಟಾಪ್ ಸ್ಪೀಡ್ ಮಾತ್ರ ಸ್ವಲ್ಪ ಕಡಿಮೆ. ಸ್ಟೀಲ್ ಬ್ಲೇಡ್ ತೆಳ್ಳಗಿದ್ದೂ ಬಾಗಲ್ಲ, ಹಾಗಾಗಿ ವೇಗ ಹೆಚ್ಚು, ಬೆಲೆಯೂ ಹೆಚ್ಚು. ಅಲ್ಯೂಮಿನಿಯಂ ಬಾಗುತ್ತೆ, ಮುರಿಯುತ್ತೆ. ಆದರೆ ದಖ್ಖನಿನ ಹಿನ್ನೀರುಗಳಲ್ಲಿ ಬೇಸಿಗೆಗೆ ನೀರು ಇಳಿದಾಗ ಬಂಡೆಗಳು ಮೇಲೆ ಬರ್ತವೆ. ಬಂಡೆಗೆ ಬಡಿದಾಗ ಅಲ್ಯೂಮಿನಿಯಂ ಬ್ಲೇಡ್ ತಾನು ಮುರಿದು ಗೇರನ್ನ ಉಳಿಸುತ್ತೆ. ನಮಗೆ ಅದೇ ಸಾಕು ಅನ್ನಿಸಿತು.

ಎಲ್ಲಿ ಓಡಿಸಬೇಕು, ಎಲ್ಲಿ ಬೇಡ

ಇದೆಲ್ಲ ಕೇಳಿ ಸಂಭಾಜಿನಗರದ ಒಬ್ಬರು, ಜಾಯಕವಾಡಿ ಅಷ್ಟು ದೊಡ್ಡದಿದೆಯಲ್ಲ, ಅಲ್ಲೇ ಪರೀಕ್ಷೆ ಮಾಡಬಹುದಿತ್ತು ಅಂದರು. ದೊಡ್ಡದು ನಿಜ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿ, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಅಣೆಕಟ್ಟು, ಉದ್ದವೇ ಸುಮಾರು 10 ಕಿಲೋಮೀಟರ್. ಹಿನ್ನೀರಿಗೆ ಪೈಠಣದ ಸಂತ ಏಕನಾಥರ ಹೆಸರಲ್ಲಿ ನಾಥಸಾಗರ ಅಂತಾರೆ. ಆದರೆ ಅದು 1986ರಿಂದ ಪಕ್ಷಿಧಾಮ. ಚಳಿಗಾಲದಲ್ಲಿ ದೂರ ದೇಶದ ಹಕ್ಕಿಗಳು ಬರ್ತವೆ. ಆಳ ಕಡಿಮೆ, ಗಾಳಿ ಬಂದರೆ ಅಲೆ ಬೇಗ ಏಳುತ್ತೆ. ನಾವಿಬ್ಬರೂ ಅಲ್ಲಿಗೆ ಹೋಗೋದು ದಡದಲ್ಲಿ ಕೂತು ಚಹಾ ಕುಡಿಯೋಕೆ ಮಾತ್ರ. ದೇಶದ ಒಳನಾಡಿನಲ್ಲಿ ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ನೋಂದಣಿ ಬೇಕು, ಜಲಾಶಯದಲ್ಲಿ ಇಳಿಸೋಕೆ ಅನುಮತಿ ಬೇರೆ. ಸೆಕೆಂಡ್ ಹ್ಯಾಂಡ್ ದೋಣಿ ತಗೊಳ್ಳೋ ಮೊದಲು ಇದನ್ನ ವಿಚಾರಿಸಿ.

ನೀವೇ ಮಾಡೋದಾದ್ರೆ, ಕ್ರಮ ಇದು

1. ಮೊದಲು ಈಗಿರುವ ಸ್ಥಿತಿಯ ಅಳತೆ. ಖಾಲಿ ಒಮ್ಮೆ, ಲೋಡ್ ಹಾಕಿ ಒಮ್ಮೆ. ಆರ್‌ಪಿಎಂ, ಜಿಪಿಎಸ್ ವೇಗ, ಪ್ಲೇನ್ ಆಗೋ ಸೆಕೆಂಡ್. ಎದುರುಬದುರು ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ.

2. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೊಪೆಲ್ಲರ್ ಮತ್ತು ಎತ್ತರ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

3. ಮೊದಲು ಪಿಚ್. ಲೋಡ್‌ನಲ್ಲಿ ಆರ್‌ಪಿಎಂ ಮಿತಿಯೊಳಗೆ ಬರುವ ತನಕ.

4. ಆಮೇಲೆ ಎತ್ತರ, ಒಂದೊಂದೇ ರಂಧ್ರ. ಆರ್‌ಪಿಎಂ ಏರ್ತಾ ವೇಗ ಅಷ್ಟಾಗಿ ಏರದಿದ್ದರೆ ಸ್ಲಿಪ್ ಹೆಚ್ಚಾಗ್ತಾ ಇದೆ, ನಿಲ್ಲಿಸಿ. ತಿರುವಿನಲ್ಲಿ ಗಾಳಿ ಹಿಡಿದರೆ, ನೀರಿನ ದಾರ ತೆಳ್ಳಗಾದರೆ, ಒಂದು ರಂಧ್ರ ಇಳಿಸಿ.

5. ಎತ್ತಿದ ಮೇಲೆ ಖಾಲಿ ದೋಣಿಯ ಆರ್‌ಪಿಎಂ ಮತ್ತೊಮ್ಮೆ ನೋಡಿ. ನಮ್ಮದು 5800, ವೇಗ ಅದೇ 44. ಮಿತಿ 6000, ಹಾಗಾಗಿ ಸರಿ.

6. ಪ್ರೊಪೆಲ್ಲರ್ ಮುಟ್ಟೋ ಮೊದಲು ಕೀ ತೆಗೆದು, ಕಿಲ್ ಸ್ವಿಚ್ ದಾರ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಓಡಿಸುವಾಗ ಅದೇ ದಾರ ನಿಮ್ಮ ಮೈಗೆ ಸಿಕ್ಕಿಸಿರಲಿ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ.

ಐದನೇ ಸಾಲನ್ನ ಇನ್ನೊಮ್ಮೆ ಓದಿ. ಇಷ್ಟೆಲ್ಲ ಮಾಡಿದ ಮೇಲೂ ಖಾಲಿ ದೋಣಿಯ ಟಾಪ್ ಸ್ಪೀಡ್ 44ರಲ್ಲೇ ಇದೆ. ದಡದಲ್ಲಿ ನಿಂತು ನೋಡೋರಿಗೆ ಏನೂ ಬದಲಾಗಿಲ್ಲ. ಆದರೆ ಕೊನೆಯ ದಿನ ಬೇಕಂತಲೇ ಸಂಜೆ ಗಾಳಿಯಲ್ಲಿ, ಪೂರ್ತಿ ಲೋಡ್ ಹಾಕಿ, ಜೂನ್‌ನಲ್ಲಿ ತೆಪ್ಪ ಮಗುಚಿದ ಅದೇ ಜಾಗಕ್ಕೆ ಕಾಕಾ ದೋಣಿ ಓಡಿಸಿದರು. ನಾನು ಗಡಿಯಾರ ಹಿಡಿದಿದ್ದೆ. ಎರಡೂವರೆ ನಿಮಿಷ. ಅವರು ಎಂಜಿನ್ ನಿಲ್ಲಿಸಿ, ಆ ನೀರನ್ನ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈಯಿಂದ ಒಮ್ಮೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಚಲಾ ಸಾಹೇಬ್, ಹೊಟ್ಟೆ ಹಸಿದಿದೆ ಅಂದರು.

ಹಳೇ 15 ಪಿಚ್ ಪ್ರೊಪೆಲ್ಲರನ್ನ ಗಂಗೊಳ್ಳಿಗೆ ಕಳಿಸಿದೆವು. ಸಮುದ್ರದಲ್ಲಿ ಅದು ಯಾರಿಗಾದರೂ ಉಪಯೋಗಕ್ಕೆ ಬರುತ್ತೆ. ನಿಮ್ಮ ಊರಲ್ಲಿ, ನೀವು ಈಗಿರೋ ಊರಲ್ಲಿ, ದೋಣಿ ನಡೆಸೋರು ಯಾರಾದರೂ ಗೊತ್ತಿದ್ದರೆ ಅವರ ಆರ್‌ಪಿಎಂ ಎಷ್ಟು ಅಂತ ಒಮ್ಮೆ ಕೇಳಿ, ಲೋಡ್ ಹಾಕಿದಾಗಿನದು.